ದೇವಿಯ ಪಟದ ಬಲ್ಬು

ದೋಣಿ ಕಟ್ಟುವ ದಕ್ಕೆಯ ಕಂಬದಿಂದ ದೋಣಿಗೆ ಕರೆಂಟು ಕೊಟ್ಟರೆ ಸಾಕು, ಕಂಬದ ಬ್ರೇಕರ್ ಟ್ರಿಪ್ ಆಗಿ ಕರೆಂಟು ಹೋಗುತ್ತಿತ್ತು. ಕರೆಂಟು ಸೋರುವ ಜಾಗ ಹುಡುಕಲು ಎಲೆಕ್ಟ್ರಿಷಿಯನ್ ವಾಮನ ಪಂಪು, ಚಾರ್ಜರು, ಫ್ಯಾನು ಒಂದೊಂದಾಗಿ ಕಳಚಿದ. ಕೊನೆಗೆ ಕ್ಯಾಬಿನ್ನಿನ ದೇವಿಯ ಪಟದ ಬಲ್ಬೊಂದೇ ಉಳಿಯಿತು. ಆಗಲೂ ಟ್ರಿಪ್ ಆಯಿತು.

"ಸಿಕ್ಕಿತು ತಾಂಡೇಲರೇ. ಇದರ ವಯರು ಉಪ್ಪುನೀರಿಗೆ ಕೊಳೆತಿದೆ. ಐದು ನಿಮಿಷ ಬಿಚ್ತೇನೆ."

ದೋಣಿ ನಡೆಸುವ ತಾಂಡೇಲ ಅಡ್ಡ ಬಂದ. "ಕೈ ಹಾಕ್ಬೇಡ ಮಾರಾಯ! ದೋಣಿ ನೀರಿಗಿಳಿದಂದಿನಿಂದ ಆ ದೀಪ ಯಾರೂ ಆರಿಸಿದ್ದಿಲ್ಲ."

"ಬ್ರೇಕರ್ ಬಿದ್ದಾಗ್ಲೆಲ್ಲ ಆರ್ತದಲ್ಲ?"

"ಅದು ನಾವು ಆರಿಸಿದ್ದಲ್ಲ."

"ಮೊನ್ನೆ ನಿಮ್ಮ ತಮ್ಮನಿಗೇ ಶಾಕ್ ಹೊಡೀತು. ಬ್ರೇಕರ್ ಇದ್ದದ್ದಕ್ಕೆ ಬದುಕಿದ."

ತಾಂಡೇಲ ಪಟಕ್ಕೆ ಕೈಮುಗಿದ. "ಬದುಕಿಸಿದ್ದು ಅಮ್ಮ. ನೀನು ಆ ಬ್ರೇಕರ್ ಕಿತ್ತು ಡೈರೆಕ್ಟ್ ಕೊಡು."