ಕುಂಟನಿಗೆ ಮೊದಲ ಗುಂಡು

ಕೆಂಜೆಗುಲ್ ಮತ್ತೆ ಬಂದಳು. ನೆಲಮಾಳಿಗೆಯ ಮೆಟ್ಟಿಲಿಳಿಯುವಾಗಲೇ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದಳು.

ಎರ್ನಿಸ್‌ಗೆ ಮೈಯೆಲ್ಲ ಉರಿಯಿತು. ಬಿಷ್ಕೆಕ್‌ನ ಈ ಒಂಬತ್ತಂತಸ್ತಿನ ಕಟ್ಟಡದ ಅಡಿಯಲ್ಲಿರುವ ಗೇಮ್ ಕ್ಲಬ್ಬು ಅವನದು. ಮೇಲಿನ ನಿವಾಸಿಗಳ ಸಮಿತಿಗೆ ಅವಳು ಅಧ್ಯಕ್ಷೆ. ಕ್ಲಬ್ಬಿನ ಕರಾರು ಶುಕ್ರವಾರಕ್ಕೆ ಮುಗಿಯುತ್ತದೆ. ಹೊಸ ಪತ್ರ ಅವಳ ಚೀಲದಲ್ಲೇ ಇದೆ. ಸಹಿ ಬೀಳದಿದ್ದರೆ ಕ್ಲಬ್ಬಿಗೆ ಬೀಗ.

"ಇದೇನು ಮನುಷ್ಯರು ಕೂರೋ ಜಾಗವೋ, ಕೊಟ್ಟಿಗೆಯೋ?" ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಕಾಲಿನಿಂದ ಸರಿಸಿದಳು.

"ಈಗ ಗುಡಿಸ್ತೀನಿ, ಅಪಾ." ಹಿರಿಯ ಹೆಂಗಸರನ್ನು ಅಲ್ಲಿ ಕರೆಯುವುದೇ ಹಾಗೆ.

ಅವಳ ಮಾತು ಸುಳ್ಳೇನಲ್ಲ. ಕಾಲುಚೀಲದ ನಾತ, ನೂಡಲ್ಸಿನ ಹಬೆ, ಪಾನೀಯ ಚೆಲ್ಲಿ ಅಂಟಂಟಾದ ಮೇಜುಗಳು. ಮನೆಯಲ್ಲಿ ಹೆಂಡತಿ ಮಕ್ಕಳಿರುವ ಗಂಡಸರು ಮಟಮಟ ಮಧ್ಯಾಹ್ನ ಇಲ್ಲಿ ಊಳಿಡುತ್ತಿದ್ದರು. ಅವರೆಲ್ಲ ಒಂದು ಆಟಕ್ಕಾಗಿ ಕಾಯುತ್ತಿದ್ದರು. ಇಡೀ ಊರಿಗೆ ಊರೇ ಅದರಲ್ಲಿದೆಯಂತೆ. ಯಾರ ಕಾರನ್ನಾದರೂ ಕದಿಯಬಹುದು, ಯಾವ ಅಂಗಡಿಯನ್ನಾದರೂ ದೋಚಬಹುದು, ದಾರಿಹೋಕರನ್ನು ಕೊಲ್ಲಬಹುದು. ಬಿಡುಗಡೆ ಎರಡು ಸಲ ಮುಂದೆ ಹೋಗಿತ್ತು. ಒಂದೂವರೆ ನಿಮಿಷದ ಟ್ರೈಲರನ್ನೇ ವರ್ಷದಿಂದ ಎಂಜಲೆಲೆ ನೆಕ್ಕಿದ ಹಾಗೆ ನೆಕ್ಕುತ್ತಿದ್ದರು.

ಅದರಲ್ಲೊಬ್ಬ ಕುಂಟ ರಸ್ತೆ ದಾಟುತ್ತಾನೆ. ಗುಂಡು ಬೀಳುತ್ತದೆ, ಉರುಳುತ್ತಾನೆ, ದೃಶ್ಯ ಮುಗಿಯುತ್ತದೆ. ಟ್ಯಾಕ್ಸಿ ಓಡಿಸುವ ಸಮತ್ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಈಗ ಪಂದ್ಯವೇ ಏರ್ಪಟ್ಟಿತ್ತು: ಆಟ ಬಂದ ದಿನ ಕುಂಟನಿಗೆ ಮೊದಲ ಗುಂಡು ಹೊಡೆದವನಿಗೆ ಉಳಿದವರ ಲೆಕ್ಕದಲ್ಲಿ ಮಾಂಸ ತುಂಬಿದ ಬಿಸಿ ಸಮ್ಸಾ. ಅಸಹ್ಯ.

ಹೋದ ತಿಂಗಳು ಎರ್ನಿಸ್ ಗೋಡೆಯಗಲದ ಪರದೆ ತಂದಾಗ ಎಲ್ಲರೂ ಕೊರುಮ್ದುಕ್ ಇಟ್ಟಿದ್ದರು. ಹೊಸ ಸೊಸೆಯನ್ನೋ ಹಸುಗೂಸನ್ನೋ ಹೊಸ ಸಾಮಾನನ್ನೋ ಮೊದಲ ಸಲ ಬರಿಗೈಯಲ್ಲಿ ನೋಡಬಾರದು. ಜಿಪುಣ ಸಮತ್ ಕೂಡ ಒಂದು ನೋಟು ಇಟ್ಟ. ಕೆಂಜೆಗುಲ್ ಮಾತ್ರ ಪರದೆಯ ಮೇಲೆ ಕುಂಟ ಉರುಳುತ್ತಲೇ ಮುಖ ತಿರುಗಿಸಿದಳು. "ಈ ಹೊಲಸು ನೋಡೋಕೆ ಕೊರುಮ್ದುಕ್ ಬೇರೆ ಕೇಡು" ಎಂದಳು.

ಅಂದಿನಿಂದ ಪ್ರತಿದಿನ ಮೂರು ಗಂಟೆಗೆ ಹಾಜರು. ಮೂಲೆಯ ಕಂಪ್ಯೂಟರಿನಲ್ಲಿ ಅದೇ ಟ್ರೈಲರು. ಕುಂಟ ಬಂದಲ್ಲಿ ನಿಲ್ಲಿಸಿ ದಿಟ್ಟಿಸುತ್ತಾಳೆ. "ಬಿಡುಗಡೆ ತಾರೀಕು ಗಟ್ಟಿ ತಾನೆ?" ಎಂದು ಮೂರು ಸಲ ಕೇಳಿದ್ದಾಳೆ.

ಅಷ್ಟರೊಳಗೆ ಬೀಗ ಜಡಿಯುವ ಹುನ್ನಾರ ಎಂದು ಎರ್ನಿಸ್‌ಗೆ ಖಾತ್ರಿಯಾಗಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಎರಡು ಚಳಿಗಾಲದ ಹಿಂದೆ ಪರದೇಶದಿಂದ ಅವಳ ಮಗನ ಹೆಣ ಬಂದಾಗ ಅಂಗಳದಲ್ಲಿ ಸಾವಿನ ಗುಡಾರ ಎಬ್ಬಿಸಿ, ಮೂರು ದಿನ ಕ್ಲಬ್ಬು ಮುಚ್ಚಿಸಿದ್ದಳು. ಕುದುರೆ ಸವಾರನಾಗಿದ್ದ ಮಗ ಹೋದ ಮೇಲೆ ಮುದುಕಿಗೆ ಇನ್ನೊಬ್ಬರ ಆಟ ಕಂಡರಾಗದು ಎಂದು ಅವನ ಲೆಕ್ಕ.

ಇವತ್ತು ಎರಡನೆಯ ಟ್ರೈಲರು. ಎಲ್ಲರೂ ದೊಡ್ಡ ಪರದೆಗೆ ಮುತ್ತಿದರು. ಅವಳು ಹಿಂದೆ ನಿಂತಳು.

"ಬಂದ ನೋಡ್ರೋ ನಮ್ಮ ಕುಂಟ" ಎಂದ ಸಮತ್.

ಗುಂಡು ಬಿತ್ತು. ಕುಂಟ ಉರುಳಿದ. ಈ ಸಲ ದೃಶ್ಯ ಮುಗಿಯಲಿಲ್ಲ. ಅವನು ನೆಲಕ್ಕೆ ಅಂಗೈಯೂರಿ, ಎಡ ಮಂಡಿ ಹಿಡಿದು ಎದ್ದ. ಪ್ಯಾಂಟು ಕೊಡವಿಕೊಂಡು ನಡೆದುಹೋದ.

"ಥೂ, ಸಾಯ್ಲೇ ಇಲ್ಲ ನನ್ಮಗ. ಆಟ ಬರ್ಲಿ, ನಾನೇ ಮುಗಿಸ್ತೀನಿ."

"ಇನ್ನೊಂದ್ಸಲ ಹಾಕು" ಎಂದಳು ಕೆಂಜೆಗುಲ್.

ಎರ್ನಿಸ್ ಹಾಕಿದ. ಅವಳು ಕಣ್ಣು ಮಿಟುಕಿಸದೆ ನೋಡಿದಳು.

"ಆಟದಲ್ಲಿ ಇವರು ಅವನನ್ನ ಕೊಂದೇಬಿಟ್ರೆ?"

"ಮತ್ತೆ ಅದೇ ಬೀದೀಲಿ ಬರ್ತಾನೆ, ಅಪಾ. ಎಷ್ಟು ಸಲ ಕೊಂದ್ರೂ ಬರ್ತಾನೆ." ಬಾಯಿಬಿಟ್ಟು ಕೆಟ್ಟೆ ಎಂದುಕೊಂಡ.

ಅವಳು ಕರಾರು ಪತ್ರ ತೆಗೆದು, ಗೋಡೆಗೆ ಆನಿಸಿ ಸಹಿ ಹಾಕಿದಳು. ಪರ್ಸಿನಿಂದ ಒಂದು ನೋಟು ತೆಗೆದು ಪರದೆಯ ಕೆಳಗಿಟ್ಟಳು.

"ಕೊರುಮ್ದುಕ್ಕಾ?" ಎರ್ನಿಸ್ ತಬ್ಬಿಬ್ಬಾದ. "ಪರದೆ ತಂದು ತಿಂಗಳಾಯ್ತಲ್ಲ, ಅಪಾ?"

"ಪರದೆಗಲ್ಲ. ಆಟದ ಗೊಂಬೆಗಳು ನಮ್ಮ ಹಾಗೆ ನಡೀಲಿ ಅಂತ ಮೈತುಂಬಾ ಗುಂಡಿ ಅಂಟಿಸಿ, ಬೀಳಿಸಿ ಏಳಿಸಿ ಚಿತ್ರ ತೆಗೀತಾರೆ, ಅದೇ ನನ್ನ ಕೆಲಸ ಅಂತಿದ್ದ ನನ್ನ ಮಗ ಜಾನಿಶ್. ಮುಖ ಯಾರದೋ ಹಚ್ಚಿದ್ದಾರೆ. ಕುದುರೆ ಕೆಡವಿ ಮುರಿದ ಆ ಕಾಲು ಮಾತ್ರ ಅವನದೇ."