ಅಳಿಯನ ಫ್ರೈಡ್ ರೈಸ್

ಅವಳ ಅಮ್ಮ ಬಂದು ಉಳಿದಾಗಲೆಲ್ಲ ಗಂಡನಿಗೆ ಫ್ರೈಡ್ ರೈಸ್ ಮಾಡುವ ಹುಮ್ಮಸ್ಸು ಬರುತ್ತಿತ್ತು. ಅವಳು ಕೆಲಸ ಮುಗಿಸಿ ಬರುವಷ್ಟರಲ್ಲಿ ಬಾಣಲೆ ತೊಳೆದು ಬೋರಲು ಹಾಕಿರುತ್ತಿದ್ದ. ಇವತ್ತು ಬೇಗ ಬಂದವಳು ಸದ್ದಿಲ್ಲದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಏನ್ರೀ ಅದು, ಅನ್ನದಲ್ಲಿ ಕೆಂಪಗೆ?"

ಅವನು ಬೆಚ್ಚಿಬಿದ್ದ. "ಸೋಯಾ ಕಣೇ."

"ಸೋಯಾ ಎಲ್ಲಾದ್ರೂ ಹೀಗೆ ಜಿಡ್ಡು ಬಿಡುತ್ತಾ? ಒಲೆ ಹಿಂದೆ ಬಚ್ಚಿಟ್ಟಿರೋ ಡಬ್ಬಿ ಯಾವುದು?"

ಎತ್ತಿ ನೋಡಿದಳು. ಅಂಗಡಿಯಲ್ಲಿ ಮಾರುವ ಮಾಂಸದ ತಗಡಿನ ಡಬ್ಬಿ.

"ಮೆಲ್ಲಗೆ! ಅತ್ತೆಗೆ ಕೇಳಿಸುತ್ತೆ."

ಮನೆಯೊಳಗೆ ಮಾಂಸ ತರುವುದಿಲ್ಲವೆಂದು ಇವನು ಮಾತು ಕೊಟ್ಟ ಮೇಲೆಯೇ ಅಮ್ಮ ಈ ಮದುವೆಗೆ ಒಪ್ಪಿದ್ದು. ಗೊತ್ತಾದರೆ ಮತ್ತೆ ಈ ಹೊಸಿಲು ತುಳಿಯುವವಳಲ್ಲ.

ಪಕ್ಕದ ಕೋಣೆಯಲ್ಲಿ ಪಿಸುಗುಡುತ್ತಿದ್ದ ಜಪ ನಿಂತಿತು. ಹೆಜ್ಜೆ ಸಪ್ಪಳ ಹತ್ತಿರವಾಯಿತು. ಅವಳು ಡಬ್ಬಿಯನ್ನು ಸೆರಗಿನಡಿ ಅಡಗಿಸಿ, ಗಂಡನನ್ನು ಪಕ್ಕಕ್ಕೆ ತಳ್ಳಿ, ತಾನೇ ಅಡುಗೆ ಮಾಡುತ್ತಿರುವವಳಂತೆ ಗಡಿಬಿಡಿಯಿಂದ ಒಂದು ಹಿಡಿ ಉಪ್ಪು ತೆಗೆದಳು.

"ಅಯ್ಯೋ, ಉಪ್ಪು ಹಾಕ್ಬೇಡ್ವೇ," ಎಂದಳು ಅಮ್ಮ ಬಾಗಿಲಿಂದಲೇ, "ಆ ಡಬ್ಬಿ ಮಾಂಸದಲ್ಲೇ ಬೇಕಾದಷ್ಟಿರುತ್ತೆ."