ಹೊನ್ನಿಯ ಎಲೆ

ಮನುಷ್ಯರ ಬೆನ್ನಲ್ಲಿ ಎಲೆ ಚಿಗುರಿ ಬಿಸಿಲೇ ಊಟವಾದ ಮೇಲೆ, ತಾಯಂದಿರು ಹೇನು ಹೆಕ್ಕುವ ಹಾಗೆ ಮಕ್ಕಳ ಬೆನ್ನಿಂದ ಪತಂಗದ ಮೊಟ್ಟೆ ಹೆಕ್ಕುತ್ತಿದ್ದರು. ಸಂಕಮ್ಮನ ಕಣ್ಣಿಗೆ ಬೀಳದೆ ಉಳಿದ ಮೊಟ್ಟೆಗಳೊಡೆದು, ಹುಳುಗಳು ಅವಳ ಮಗಳು ಹೊನ್ನಿಯ ಎಲೆ ಮೇಯತೊಡಗಿದವು.

"ಕಿತ್ತು ಬಿಸಾಕ್ಲಾ ಸ್ವಾಮಿ?"

"ಮುಟ್ಟಬೇಡಮ್ಮ," ಎಂದರು ಕೀಟ ಇಲಾಖೆಯ ಸಾಹೇಬರು. "ಹುಳ ಎಲ್ಲಾ ಒಂದೇ ಥರ. ರೆಕ್ಕೆ ಬಂದ್ಮೇಲೇ ಜಾತಿ ಗೊತ್ತಾಗೋದು. ಜಾತಿ ಗೊತ್ತಾಗದೆ ಕೊಲ್ಲೋ ಹಾಗಿಲ್ಲ."

ಹುಳುಗಳು ಗೂಡು ಕಟ್ಟಿ, ಪತಂಗವಾಗಿ ಹೊರಬರುವಷ್ಟರಲ್ಲಿ ಹೊನ್ನಿಯ ಬೆನ್ನಲ್ಲಿ ಬರೀ ದಂಟು ಉಳಿದಿತ್ತು; ಬಿಸಿಲುಣ್ಣಲಾಗದೆ ಅವಳು ಸೊರಗಿ ಮಲಗಿದ್ದಳು. ಸಾಹೇಬರು ಭೂತಗನ್ನಡಿ ಹಿಡಿದು ನೋಡಿ ಹಿಗ್ಗಿದರು.

"ಹೊಸ ಜಾತಿ ತಾಯಿ! ನಿನ್ನ ಮಗಳ ಹೆಸರೇ ಇಡ್ತೀವಿ."

ಸಂಕಮ್ಮ ಮಗಳ ಬೆನ್ನಿಗೆ ಸೆರಗು ಹೊದಿಸಿದಳು.

"ಸ್ವಲ್ಪ ತಡೀರಿ ಸ್ವಾಮಿ. ಆ ಹೆಸರು ಹಿಡಿದು ಕೂಗಿದ್ರೆ ಇವಳಿನ್ನೂ ಓಗೊಡ್ತಾಳೆ."